ಗಾಡಿಯ ಆಯಿಲ್ ಎಲ್ಲಿ ಸೋರುತ್ತಿದೆ?

ಬೆಳಿಗ್ಗೆ ಗಾಡಿ ತೆಗೆಯುತ್ತೀರಿ. ಗಾಡಿ ನಿಂತಿದ್ದ ಜಾಗದಲ್ಲಿ ಕಪ್ಪು ಕಲೆ ಕಾಣುತ್ತದೆ. ನಿನ್ನೆ ಅದು ಅಂಗೈ ಅಗಲ ಇತ್ತು. ಇವತ್ತು ತಟ್ಟೆ ಅಗಲ ಆಗಿದೆ. ಏನಿದು? ಎಂಜಿನ್ ಆಯಿಲ್ ಸೋರುತ್ತಿರಬಹುದು.

"ಹಳೇ ಗಾಡಿ ಅಂದಮೇಲೆ ಸೋರೋದು ಇದ್ದದ್ದೇ" ಅಂತ ಕೆಲವರು ಸುಮ್ಮನಾಗುತ್ತಾರೆ. "ಅಯ್ಯೋ, ಟರ್ಬೊ ಹೋಯ್ತು" ಅಂತ ಕೆಲವರು ಹೆದರುತ್ತಾರೆ. ಸುಮ್ಮನಿದ್ದರೆ ಎಂಜಿನ್ ಕೆಡುತ್ತದೆ. ಹೆದರಿದರೆ ದುಡ್ಡು ಹೋಗುತ್ತದೆ. ಹಾಗಾದರೆ ಏನು ಮಾಡಬೇಕು? ಹುಡುಕಬೇಕು. ಸೋರುವ ಜಾಗವನ್ನು ಕಣ್ಣಾರೆ ನೋಡಬೇಕು. ಆಮೇಲೆ ದುಡ್ಡು ಬಿಚ್ಚಬೇಕು.

ನಮ್ಮಲ್ಲಿ ಎಷ್ಟೋ ಮನೆಗಳಿಗೆ ಗಾಡಿಯೇ ಅನ್ನ ಕೊಡುತ್ತದೆ. ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುತ್ತಾರೆ. ಮದುವೆಗೆ, ಆಸ್ಪತ್ರೆಗೆ, ಧರ್ಮಸ್ಥಳಕ್ಕೆ ಬಾಡಿಗೆ ಹೋಗುತ್ತಾರೆ. ಗಾಡಿ ಒಂದು ವಾರ ನಿಂತರೆ ಕಂತು ಕಟ್ಟುವುದು ಹೇಗೆ? ಮಕ್ಕಳ ಫೀಸು ಕಟ್ಟುವುದು ಹೇಗೆ? ಅದಕ್ಕೇ ಈ ಪಾಠ.

ಇಂಥ ಗಾಡಿಗಳಲ್ಲಿ ಬಹಳಷ್ಟು ಡೀಸೆಲ್ ಗಾಡಿಗಳು. ಅವುಗಳಲ್ಲಿ ಟರ್ಬೊ ಇರುತ್ತದೆ. ನಮ್ಮ ಬಿಡದಿಯಲ್ಲೇ ತಯಾರಾದ ಇನ್ನೋವಾ 2005ರಲ್ಲಿ ಬಂತು. ಡೀಸೆಲ್ ಸ್ವಿಫ್ಟ್ 2007ರಲ್ಲಿ ಬಂತು. ಎರಡರ ಡೀಸೆಲ್ ಎಂಜಿನ್ನಿಗೂ ಟರ್ಬೊ ಇದೆ. 2016ರಲ್ಲಿ ಹಳೆಯ ಇನ್ನೋವಾ ಜಾಗಕ್ಕೆ ಕ್ರಿಸ್ಟಾ ಬಂತು. ಆದರೂ ಹಳೆಯ ಗಾಡಿಗಳು ಇನ್ನೂ ದುಡಿಯುತ್ತಿವೆ. ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ ಎಂಜಿನ್ನಿನಲ್ಲಿ ರಬ್ಬರ್ ಗಟ್ಟಿಯಾಗುತ್ತದೆ. ಪ್ಯಾಕಿಂಗ್ ಒಣಗುತ್ತದೆ. ಪೈಪು ಬಿರಿಯುತ್ತದೆ. ಅಲ್ಲಿಂದ ಆಯಿಲ್ ಹೊರಗೆ ಬರುತ್ತದೆ.

ಆಯಿಲ್ ಮಾಡುವ ಕೆಲಸ

ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತೇವೆ. ಹಾಕದಿದ್ದರೆ ಏನಾಗುತ್ತದೆ? ಅಚ್ಚು ಕಿರ್ ಎನ್ನುತ್ತದೆ, ಸವೆಯುತ್ತದೆ. ಎಂಜಿನ್ ಆಯಿಲ್ ಮಾಡುವುದೂ ಅದೇ ಕೆಲಸ. ಕಬ್ಬಿಣ ಕಬ್ಬಿಣಕ್ಕೆ ಉಜ್ಜದಂತೆ ನಡುವೆ ತೆಳುವಾಗಿ ನಿಲ್ಲುತ್ತದೆ. ಜತೆಗೆ ಬಿಸಿಯನ್ನು ಎಳೆದುಕೊಳ್ಳುತ್ತದೆ. ಮಸಿಯನ್ನು ಹೊತ್ತು ಫಿಲ್ಟರಿಗೆ ತರುತ್ತದೆ.

ಎಂಜಿನ್ನಿನ ತಳದಲ್ಲಿ ಒಂದು ತೊಟ್ಟಿ ಇದೆ. ಗ್ಯಾರೇಜಿನವರು ಅದನ್ನು ಚೇಂಬರ್ ಅನ್ನುತ್ತಾರೆ. ಆಯಿಲ್ ಅಲ್ಲಿ ನಿಂತಿರುತ್ತದೆ. ಒಂದು ಪಂಪು ಅದನ್ನು ಎತ್ತಿ ಎಲ್ಲ ಕಡೆಗೂ ಕಳಿಸುತ್ತದೆ. ಕೆಲಸ ಮುಗಿಸಿದ ಆಯಿಲ್ ಮತ್ತೆ ಚೇಂಬರಿಗೆ ಇಳಿಯುತ್ತದೆ. ಈ ದಾರಿಯಲ್ಲಿ ಎಲ್ಲಿ ಬೇಕಾದರೂ ಸೋರಬಹುದು.

ಟರ್ಬೊ ಅಂದರೇನು?

ಕಮ್ಮಾರನ ಕುಲುಮೆ ನೋಡಿದ್ದೀರಲ್ಲ? ತಿದಿ ಒತ್ತಿದರೆ ಗಾಳಿ ಬೀಸುತ್ತದೆ. ಬೆಂಕಿ ಜೋರಾಗುತ್ತದೆ. ಟರ್ಬೊ ಅಂದರೆ ಎಂಜಿನ್ನಿನ ತಿದಿ.

ಟರ್ಬೊ ಒಳಗೆ ಒಂದು ಸಣ್ಣ ದಂಡ. ಅದರ ಎರಡು ತುದಿಗೆ ಎರಡು ಚಕ್ರ. ಎಂಜಿನ್ ಬಿಡುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಆಗ ಇನ್ನೊಂದು ಚಕ್ರವೂ ತಿರುಗುತ್ತದೆ. ಅದು ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಎಂಜಿನ್ ಒಳಗೆ ತಳ್ಳುತ್ತದೆ. ಹೆಚ್ಚು ಗಾಳಿ ಬಂದರೆ ಹೆಚ್ಚು ಶಕ್ತಿ. ಸುಮ್ಮನೆ ಹೊರಗೆ ಹೋಗುವ ಹೊಗೆಯಿಂದಲೇ ಈ ಕೆಲಸ ಆಗುತ್ತದೆ. ಸ್ವಿಟ್ಜರ್ಲೆಂಡ್ ದೇಶದ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು.

ಮನೆಯ ಸೀಲಿಂಗ್ ಫ್ಯಾನ್ ನಿಮಿಷಕ್ಕೆ ಮುನ್ನೂರು ನಾನೂರು ಸುತ್ತು ತಿರುಗುತ್ತದೆ. ಟರ್ಬೊ ಎಷ್ಟು ತಿರುಗುತ್ತದೆ ಗೊತ್ತಾ? ಜೋರಾಗಿ ಓಡುವಾಗ ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು! ಅಷ್ಟು ವೇಗದಲ್ಲಿ ತಿರುಗುವ ದಂಡ ಆಯಿಲ್ ಮೇಲೆ ತೇಲುತ್ತಾ ಇರುತ್ತದೆ. ಆಯಿಲ್ ಇಲ್ಲದಿದ್ದರೆ ಕೆಲವೇ ಕ್ಷಣಗಳಲ್ಲಿ ಕೆಡುತ್ತದೆ.

ಟರ್ಬೊಗೆ ಎರಡು ಆಯಿಲ್ ಪೈಪುಗಳಿವೆ. ಇವೆರಡನ್ನೂ ನೆನಪಿಡಿ.

ಮೇಲಿನದು ಸಣ್ಣ ಪೈಪು. ಇದರಲ್ಲಿ ಆಯಿಲ್ ಒತ್ತಡದಿಂದ ಒಳಗೆ ಬರುತ್ತದೆ.

ಕೆಳಗಿನದು ದಪ್ಪ ಪೈಪು. ಇದರಲ್ಲಿ ಆಯಿಲ್ ಚೇಂಬರಿಗೆ ವಾಪಸ್ ಇಳಿಯುತ್ತದೆ. ಇಲ್ಲಿ ಒತ್ತಡ ಇಲ್ಲ. ಬಚ್ಚಲ ನೀರು ಇಳಿದ ಹಾಗೆ ತಾನಾಗಿ ಇಳಿಯಬೇಕು.

ಸೋರಿದ್ದು ಎಂಜಿನ್ ಆಯಿಲ್ಲೇನಾ?

ಗಾಡಿಯಿಂದ ಬೀಳುವುದೆಲ್ಲ ಎಂಜಿನ್ ಆಯಿಲ್ ಅಲ್ಲ. ರಾತ್ರಿ ಗಾಡಿ ಕೆಳಗೆ ದೊಡ್ಡ ರಟ್ಟು ಹಾಸಿ. ಅದು ಹಾರಿಹೋಗದಂತೆ ಕಲ್ಲು ಇಡಿ. ಬೆಳಿಗ್ಗೆ ಅದರ ಮೇಲೆ ಬಿದ್ದದ್ದನ್ನು ನೋಡಿ.

ಬರೀ ನೀರಾದರೆ ಅದು ಏ.ಸಿ. ನೀರು. ಚಿಂತೆ ಬೇಡ.

ಹಸಿರು, ಕೆಂಪು ಅಥವಾ ಗುಲಾಬಿ ಬಣ್ಣದ ನೀರಾದರೆ ಅದು ರೇಡಿಯೇಟರ್ ಕೂಲೆಂಟ್. ಇದು ವಿಷ. ಮಕ್ಕಳನ್ನೂ ನಾಯಿಯನ್ನೂ ದೂರ ಇಡಿ.

ತೆಳ್ಳಗಿದ್ದು ಡೀಸೆಲ್ ವಾಸನೆ ಬಂದರೆ ಅದು ಡೀಸೆಲ್ಲೇ.

ಚಕ್ರದ ಹತ್ತಿರ ತೆಳ್ಳನೆಯ ಜಾರುವ ಹನಿ ಇದ್ದರೆ ಅದು ಬ್ರೇಕ್ ಆಯಿಲ್ ಇರಬಹುದು. ಆ ಗಾಡಿಯನ್ನು ಓಡಿಸಲೇಬೇಡಿ.

ತುಂಬ ಮಂದವಾಗಿದ್ದು ಗಂಧಕದ ಹಾಗೆ ಘಾಟು ವಾಸನೆ ಇದ್ದರೆ ಅದು ಗೇರ್ ಆಯಿಲ್.

ಕಪ್ಪಾಗಿ, ಜಿಡ್ಡಾಗಿ, ಮಸಿ ಬೆರೆತಂತೆ ಇದ್ದರೆ ಅದೇ ಎಂಜಿನ್ ಆಯಿಲ್. ಡೀಸೆಲ್ ಗಾಡಿಯಲ್ಲಿ ಹೊಸ ಆಯಿಲ್ ಕೂಡ ಬೇಗ ಕಪ್ಪಾಗುತ್ತದೆ. ಕಪ್ಪಾಗಿದೆ ಅಂದ ಮಾತ್ರಕ್ಕೆ ಆಯಿಲ್ ಕೆಟ್ಟಿದೆ ಅಂತ ಅಲ್ಲ.

ಮೊದಲು ಅಳತೆ ನೋಡಿ

ಆಯಿಲ್ ಸೋರುವ ಗಾಡಿಯನ್ನು ಅಳತೆ ನೋಡದೆ ಓಡಿಸಬಾರದು. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಎಂಜಿನ್ ಆಫ್ ಮಾಡಿ. ಹತ್ತು ನಿಮಿಷ ಬಿಡಿ. ಅಳತೆ ಕಡ್ಡಿ ಎಳೆದು, ಬಟ್ಟೆಯಿಂದ ಒರೆಸಿ, ಮತ್ತೆ ಪೂರ್ತಿ ಒಳಗೆ ಹಾಕಿ ತೆಗೆಯಿರಿ. ಕಡ್ಡಿಯ ಮೇಲೆ ಎರಡು ಗುರುತು ಇರುತ್ತವೆ. ಆಯಿಲ್ ಆ ಎರಡರ ನಡುವೆ ಇರಬೇಕು.

ಕೆಳಗಿನ ಗುರುತಿಗಿಂತ ಕಮ್ಮಿ ಇದ್ದರೆ ಆಯಿಲ್ ಹಾಕಿದ ಮೇಲೆಯೇ ಗಾಡಿ ತೆಗೆಯಿರಿ. ಮೇಲಿನ ಗುರುತು ದಾಟಿದ್ದರೂ ತಪ್ಪೇ. ಹೆಚ್ಚಾದ ಆಯಿಲ್ ಕೂಡ ಸೀಲುಗಳಿಂದ ಹೊರಗೆ ಬರುತ್ತದೆ, ಹೊಗೆ ಬರಿಸುತ್ತದೆ. ಆಯಿಲ್ ಕಾಫಿಗೆ ಹಾಲು ಬೆರೆಸಿದ ಬಣ್ಣ ಇದ್ದರೆ ನೀರು ಸೇರಿದೆ. ಹಾಕದೇ ಇದ್ದರೂ ಅಳತೆ ಏರಿದ್ದರೆ ಡೀಸೆಲ್ ಅಥವಾ ನೀರು ಸೇರಿರಬಹುದು. ಎರಡಕ್ಕೂ ಕೂಡಲೆ ಮೆಕ್ಯಾನಿಕ್ ಹತ್ತಿರ ಹೋಗಿ.

ಇನ್ನೊಂದು ಮಾತು. ಮೀಟರ್ ಹತ್ತಿರ ಎಣ್ಣೆ ಗಿಂಡಿಯ ಚಿತ್ರದ ಕೆಂಪು ದೀಪ ಇದೆ. ಓಡುವಾಗ ಅದು ಹತ್ತಿದರೆ ಆಯಿಲ್ ಒತ್ತಡ ಬಿದ್ದಿದೆ ಅಂತ ಅರ್ಥ. "ಮುಂದಿನ ಊರಿನವರೆಗೆ ಹೋಗೋಣ" ಅನ್ನಬೇಡಿ. ಪಕ್ಕಕ್ಕೆ ನಿಲ್ಲಿಸಿ. ಎಂಜಿನ್ ಆಫ್ ಮಾಡಿ. ಆ ಎರಡು ಮೈಲಿ ಆಸೆಗೆ ಎಂಜಿನ್ನೂ ಹೋಗುತ್ತದೆ, ಟರ್ಬೊನೂ ಹೋಗುತ್ತದೆ.

ಬೀಳುವ ಜಾಗ ಬೇರೆ, ಸೋರುವ ಜಾಗ ಬೇರೆ

ಮಳೆಗಾಲದಲ್ಲಿ ಹೆಂಚಿನ ಮನೆ ಸೋರುತ್ತದೆ. ಹೆಂಚು ಒಡೆದದ್ದು ಒಂದು ಕಡೆ. ನೀರು ರೀಪಿನ ಮೇಲೆ ಹರಿದು ಬಂದು ಬೀಳುವುದು ಇನ್ನೊಂದು ಕಡೆ. ನೀರು ಬಿದ್ದ ಜಾಗದ ಮೇಲಿನ ಹೆಂಚು ಬದಲಿಸಿದರೆ ಸೋರುವುದು ನಿಲ್ಲುತ್ತದೆಯೆ? ಇಲ್ಲ.

ಎಂಜಿನ್ನಿನಲ್ಲೂ ಹಾಗೇ. ಮೇಲೆ ಸೋರಿದ ಆಯಿಲ್ ಕೆಳಗೆ ಹರಿಯುತ್ತದೆ. ಗಾಡಿ ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಕೊನೆಗೆ ಚೇಂಬರ್ ತಳದಿಂದ ಹನಿ ಬೀಳುತ್ತದೆ. ನೋಡಿದವರು "ಚೇಂಬರ್ ಪ್ಯಾಕಿಂಗ್ ಹೋಗಿದೆ" ಅನ್ನುತ್ತಾರೆ. ಅದಕ್ಕೆ ಈ ಸೂತ್ರ ನೆನಪಿಡಿ: ಒದ್ದೆ ಇರುವ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಮುಂದಿನದು ಯಾವುದು? ಅಲ್ಲಿಂದ ಹುಡುಕಲು ಶುರು ಮಾಡಿ.

ತೊಳೆಯಿರಿ, ಓಡಿಸಿ, ನೋಡಿ

ವರ್ಷಗಟ್ಟಲೆ ಧೂಳು, ಜಿಡ್ಡು ಕೂತಿರುವ ಎಂಜಿನ್ನಿನಲ್ಲಿ ಏನೂ ಕಾಣುವುದಿಲ್ಲ. ಮೊದಲು ಶುಚಿ ಮಾಡಬೇಕು.

ಎಂಜಿನ್ ಪೂರ್ತಿ ತಣ್ಣಗಾಗಲಿ. ಡೈನಮೋ, ವೈರು ಸೇರುವ ಜಾಗ, ಗಾಳಿ ಎಳೆಯುವ ಬಾಯಿ, ಇವನ್ನು ಪ್ಲಾಸ್ಟಿಕ್ ಚೀಲದಿಂದ ಮುಚ್ಚಿ. ಸೋಪು ನೀರು ಅಥವಾ ಜಿಡ್ಡು ತೆಗೆಯುವ ದ್ರಾವಣ ಹಾಕಿ ಬ್ರಷ್ಷಿನಿಂದ ಉಜ್ಜಿ. ಪೆಟ್ರೋಲ್ ಹಾಕಿ ತೊಳೆಯಬೇಡಿ. ಬೆಂಕಿ ಹತ್ತುತ್ತದೆ. ಜೋರು ನೀರು ಹೊಡೆಯಬೇಡಿ. ಬಟ್ಟೆಯಿಂದ ಒರೆಸಿ, ಒಣಗಲು ಬಿಡಿ. ಪ್ಲಾಸ್ಟಿಕ್ ತೆಗೆಯಲು ಮರೆಯಬೇಡಿ.

ಈಗ ಅನುಮಾನ ಇರುವ ಜಾಗಕ್ಕೆ ಮುಖಕ್ಕೆ ಹಚ್ಚುವ ಪೌಡರ್ ತೆಳ್ಳಗೆ ಉದುರಿಸಿ. ಗಾಡಿಯನ್ನು ಹದಿನೈದು ಇಪ್ಪತ್ತು ಕಿಲೋಮೀಟರ್ ಓಡಿಸಿ ತನ್ನಿ. ಎಂಜಿನ್ ಆಫ್ ಮಾಡಿ. ಬ್ಯಾಟರಿ ಹಾಕಿ ನೋಡಿ. ಪೌಡರ್ ಮೇಲೆ ಕಪ್ಪು ಗೆರೆ ಮೂಡಿದೆಯೆ? ಆ ಗೆರೆಯ ಮೇಲಿನ ತುದಿಯೇ ಸೋರುವ ಜಾಗ.

ಎಂಜಿನ್ ಓಡುತ್ತಿರುವಾಗ ಬಾನೆಟ್ ಒಳಗೆ ಕೈ ಹಾಕಬೇಡಿ. ಟವಲು, ಸೆರಗು, ಲುಂಗಿ, ಕೈಗೆ ಕಟ್ಟಿದ ದಾರ ಫ್ಯಾನಿಗೆ ಸಿಕ್ಕಿಕೊಳ್ಳುತ್ತದೆ.

ಮೇಲಿನಿಂದ ಕೆಳಕ್ಕೆ ಹುಡುಕೋಣ

1. ಆಯಿಲ್ ಹಾಕುವ ಮುಚ್ಚಳ. ಅದರ ರಬ್ಬರ್ ಬಳೆ ಗಟ್ಟಿಯಾಗಿದೆಯೆ ನೋಡಿ. ಎಲ್ಲಕ್ಕಿಂತ ಅಗ್ಗದ ರಿಪೇರಿ ಇದು.

2. ಟ್ಯಾಪೆಟ್ ಕವರ್. ಎಂಜಿನ್ನಿನ ತಲೆಯ ಮೇಲಿನ ಮುಚ್ಚಳ. ಇದರ ಪ್ಯಾಕಿಂಗ್ ಹಳೆಯ ಗಾಡಿಯಲ್ಲಿ ಸಾಮಾನ್ಯವಾಗಿ ಸೋರುತ್ತದೆ. ಇಲ್ಲಿಂದ ಸೋರಿದ ಆಯಿಲ್ ಬಿಸಿ ಹೊಗೆ ಕೊಳವೆಯ ಮೇಲೆ ಬಿದ್ದರೆ ಸುಟ್ಟ ವಾಸನೆ ಬರುತ್ತದೆ. ಬೆಂಕಿ ಕೂಡ ಹತ್ತಬಹುದು.

3. ಟರ್ಬೊ ಮತ್ತು ಅದರ ಪೈಪುಗಳು. ಇದನ್ನು ಮುಂದೆ ನೋಡೋಣ.

4. ಆಯಿಲ್ ಫಿಲ್ಟರ್. ಆಯಿಲ್ ಬದಲಿಸಿದ ಮಾರನೇ ದಿನವೇ ಸೋರಲು ಶುರುವಾಯಿತೆ? ಹಾಗಾದರೆ ಮೊದಲು ಫಿಲ್ಟರ್ ನೋಡಿ. ಹಳೆಯ ಫಿಲ್ಟರಿನ ರಬ್ಬರ್ ಬಳೆ ಎಂಜಿನ್ನಿಗೇ ಅಂಟಿಕೊಂಡು, ಅದರ ಮೇಲೆ ಹೊಸ ಬಳೆ ಕೂತಿರಬಹುದು. ಎರಡು ಬಳೆ ಇದ್ದರೆ ಸೋರುತ್ತದೆ.

5. ಎಂಜಿನ್ ಮುಂದಿನ ಸೀಲು. ಬೆಲ್ಟ್ ಓಡುವ ಪುಲ್ಲಿಯ ಹಿಂದೆ ಇದೆ. ಕೆಲವು ಗಾಡಿಗಳಲ್ಲಿ ಒಳಗೆ ರಬ್ಬರ್ ಟೈಮಿಂಗ್ ಬೆಲ್ಟ್ ಇರುತ್ತದೆ. ಅದಕ್ಕೆ ಆಯಿಲ್ ತಾಗಿದರೆ ಬೆಲ್ಟ್ ಹಾಳು. ಬೆಲ್ಟ್ ತುಂಡಾದರೆ ಎಂಜಿನ್ ಹಾಳು.

6. ಎಂಜಿನ್ ಹಿಂದಿನ ಸೀಲು. ಎಂಜಿನ್ ಮತ್ತು ಗೇರ್ ಬಾಕ್ಸ್ ಸೇರುವ ಜಾಗದಲ್ಲಿ ಹನಿ ಬೀಳುತ್ತದೆ. ಇದನ್ನು ಬದಲಿಸಲು ಗೇರ್ ಬಾಕ್ಸ್ ಇಳಿಸಬೇಕು. ಕೂಲಿ ಜಾಸ್ತಿ. ಅದಕ್ಕೆ ಇದು ಹಿಂದಿನ ಸೀಲೇ ಹೌದಾ, ಮೇಲಿನಿಂದ ಇಳಿದ ಆಯಿಲ್ಲಾ ಅಂತ ಖಾತ್ರಿ ಮಾಡಿಕೊಳ್ಳಿ.

7. ಚೇಂಬರ್ ಪ್ಯಾಕಿಂಗ್ ಮತ್ತು ಡ್ರೈನ್ ಬೋಲ್ಟ್. ಬೋಲ್ಟಿನ ವಾಷರ್ ಹಳೆಯದಾದರೆ ಹನಿ ಬೀಳುತ್ತದೆ. ವಾಷರ್ ಬದಲಿಸಿ. ಜೋರಾಗಿ ಬಿಗಿದರೆ ಮರೆ ಹೋಗುತ್ತದೆ.

ಟರ್ಬೊ ಹತ್ತಿರ ಆಯಿಲ್ ಕಂಡರೆ

ಟರ್ಬೊ ಹತ್ತಿರ ಒದ್ದೆ ಕಂಡ ಕೂಡಲೆ ಟರ್ಬೊ ಕೆಟ್ಟಿತು ಅಂತ ತೀರ್ಮಾನ ಮಾಡಬೇಡಿ. ನಾಲ್ಕು ಕಡೆ ನೋಡಿ.

ಒಂದು, ಮೇಲಿನ ಸಣ್ಣ ಪೈಪು. ಅದರ ಬೋಲ್ಟಿಗೆ ವಾಷರ್ ಇರುತ್ತದೆ. ಬಹಳ ಗಾಡಿಗಳಲ್ಲಿ ತಾಮ್ರದ್ದು. ಒಂದು ಸಲ ಬಿಚ್ಚಿದ ವಾಷರನ್ನು ಮತ್ತೆ ಹಾಕಿದರೆ ಸೋರಬಹುದು. ಹೊಸದು ಹಾಕಿಸಿ.

ಎರಡು, ಕೆಳಗಿನ ದಪ್ಪ ಪೈಪು. ಬಚ್ಚಲ ತೂತಿಗೆ ಕಸ ಸಿಕ್ಕಿಕೊಂಡರೆ ಏನಾಗುತ್ತದೆ? ನೀರು ನಿಂತು ಹೊಸಲು ದಾಟಿ ಬರುತ್ತದೆ. ಹಾಗೇ, ಈ ಪೈಪಿನಲ್ಲಿ ಮಸಿ ಕಟ್ಟಿಕೊಂಡರೆ, ಅಥವಾ ಪೈಪು ಮಡಚಿಕೊಂಡರೆ, ಆಯಿಲ್ ಇಳಿಯುವುದಿಲ್ಲ. ಟರ್ಬೊ ಒಳಗೇ ತುಂಬಿಕೊಂಡು ಸೀಲು ದಾಟುತ್ತದೆ. ಆಗ ತಪ್ಪು ಟರ್ಬೊದ್ದಲ್ಲ, ಪೈಪಿನದು.

ಮೂರು, ಬ್ರೀದರ್ ಪೈಪು. ಕುಕ್ಕರಿಗೆ ಸೀಟಿ ಇರುತ್ತದಲ್ಲ? ಒಳಗಿನ ಆವಿ ಹೋಗಲು ಅದು ದಾರಿ. ಸೀಟಿಗೆ ಅನ್ನದ ಅಗುಳು ಸಿಕ್ಕಿಕೊಂಡರೆ ಆವಿ ರಬ್ಬರ್ ಬಳೆಯಿಂದ ನುಗ್ಗುತ್ತದೆ. ಎಂಜಿನ್ನಿನ ಸೀಟಿಯೇ ಬ್ರೀದರ್. ಟ್ಯಾಪೆಟ್ ಕವರಿನಿಂದ ಗಾಳಿ ಪೈಪಿಗೆ ಹೋಗುವ ರಬ್ಬರ್ ಕೊಳವೆ ಅದು. ಅದು ಕಟ್ಟಿಕೊಂಡರೆ ಎಂಜಿನ್ ಒಳಗೆ ಒತ್ತಡ ಏರುತ್ತದೆ. ಆಗ ಎಲ್ಲ ಸೀಲುಗಳಿಂದಲೂ ಆಯಿಲ್ ನುಗ್ಗುತ್ತದೆ. ಟರ್ಬೊದಿಂದ ಆಯಿಲ್ ಇಳಿಯುವುದಕ್ಕೂ ಅಡ್ಡಿಯಾಗುತ್ತದೆ. ಎರಡು ಮೂರು ಕಡೆ ಒಟ್ಟಿಗೇ ಸೋರಲು ಶುರುವಾದರೆ ಮೊದಲು ಬ್ರೀದರ್ ಶುಚಿ ಮಾಡಿಸಿ.

ನಾಲ್ಕು, ಗಾಳಿ ಫಿಲ್ಟರ್. ಧೂಳು ತುಂಬಿದ ಫಿಲ್ಟರಿನಿಂದ ಗಾಳಿ ಬರುವುದಿಲ್ಲ. ಆಗ ಟರ್ಬೊ ಜೋರಾಗಿ ಎಳೆಯುತ್ತದೆ. ಗಾಳಿಯ ಜತೆ ಸೀಲಿನಿಂದ ಆಯಿಲನ್ನೂ ಎಳೆದುಕೊಳ್ಳುತ್ತದೆ. ಮಣ್ಣು ರಸ್ತೆಯ ಊರುಗಳಲ್ಲಿ ಇದನ್ನು ಬೇಗ ಬೇಗ ನೋಡಬೇಕು.

ಈ ನಾಲ್ಕೂ ಸರಿ ಇದ್ದರೆ ಮಾತ್ರ ಟರ್ಬೊ ನೋಡಿ. ಎಂಜಿನ್ ಆಫ್ ಆಗಿರಲಿ, ತಣ್ಣಗಿರಲಿ. ಗಾಳಿ ಬರುವ ಪೈಪನ್ನು ಬಿಚ್ಚಿ ಚಕ್ರವನ್ನು ಬೆರಳಿನಿಂದ ತಿರುಗಿಸಿ. ಸಲೀಸಾಗಿ ತಿರುಗಬೇಕು. ಪಕ್ಕಕ್ಕೆ ತುಸು ಅಲುಗಿದರೆ ಪರವಾಗಿಲ್ಲ. ಚಕ್ರ ಗೋಡೆಗೆ ತಾಗಿದರೆ, ರೆಕ್ಕೆ ಮುರಿದಿದ್ದರೆ, ಅಥವಾ ದಂಡ ಹಿಂದೆ ಮುಂದೆ ಆಡಿದರೆ ಟರ್ಬೊ ಸವೆದಿದೆ.

ಇನ್ನೊಂದು ಗುರುತು ಇದೆ. ಟರ್ಬೊಗೆ ಗಾಳಿ ಬರುವ ಪೈಪೇ ಒದ್ದೆಯಾಗಿದೆಯೆ? ಹಾಗಾದರೆ ಆ ಆಯಿಲ್ ಬ್ರೀದರಿನಿಂದ ಬಂದದ್ದಿರಬಹುದು. ಬರುವ ಪೈಪು ಒಣಗಿದ್ದು, ಹೋಗುವ ಪೈಪಿನಲ್ಲಿ ಆಯಿಲ್ ನಿಂತಿದೆಯೆ? ಹಾಗಾದರೆ ಟರ್ಬೊ ಸೀಲಿನ ಮೇಲೆ ಅನುಮಾನ. ಪೈಪಿನ ಒಳಗೆ ತೆಳ್ಳಗೆ ಜಿಡ್ಡು ಇದ್ದರೆ ಅದು ಮಾಮೂಲು. ಹೆದರಬೇಡಿ.

ಗ್ಯಾರೇಜಿನಲ್ಲಿ ಒಂದು ಮಾತುಕತೆ

ಗ್ಯಾರೇಜಿನಲ್ಲಿ ಇಂಥ ಮಾತು ನಡೆಯಬಹುದು. ಓದಿ ನೋಡಿ.

ಡ್ರೈವರ್: ಮೇಸ್ತ್ರಿ, ಟರ್ಬೊ ಬದಲಾಯಿಸ್ಬೇಕಂತೆ. ಇನ್ನೊಂದು ಕಡೆ ಹೇಳಿದ್ರು. ಅಷ್ಟು ದುಡ್ಡು ಎಲ್ಲಿಂದ ತರ್ಲಿ?

ಮೇಸ್ತ್ರಿ: ತಡಿಯಪ್ಪ. ಟರ್ಬೊ ಹೋಗಿದೆ ಅಂತ ಹೆಂಗೆ ಹೇಳಿದ್ರು? ಪೈಪ್ ಬಿಚ್ಚಿ ತೋರಿಸಿದ್ರಾ?

ಡ್ರೈವರ್: ಇಲ್ಲಣ್ಣ. ಅದರ ಕೆಳಗೆಲ್ಲ ಆಯಿಲ್ ಇದೆ ಅಂತ ತೋರಿಸಿದ್ರು.

ಮೇಸ್ತ್ರಿ: ಆಯಿಲ್ ಎಷ್ಟು ಕಿಲೋಮೀಟ್ರಿಗೆ ಎಷ್ಟು ಹಿಡೀತದೆ? ಬರೆದಿಟ್ಟಿದೀಯಾ?

ಡ್ರೈವರ್: ಬರೆದಿದೀನಿ. ನೋಡಿ, ಸಾವಿರ ಕಿಲೋಮೀಟ್ರಿಗೆ ಅರ್ಧ ಲೀಟರ್.

ಮೇಸ್ತ್ರಿ: ಭೇಷ್. ಹೊಗೆ ಯಾವ ಬಣ್ಣ?

ಡ್ರೈವರ್: ನೀಲಿ ಹೊಗೆ ಇಲ್ಲ. ಗಾಡಿ ಎಳೆತ ಚೆನ್ನಾಗೇ ಇದೆ. ಶಬ್ದಾನೂ ಇಲ್ಲ.

ಮೇಸ್ತ್ರಿ: ಹಂಗಾದ್ರೆ ತೊಳೆದು ನೋಡೋಣ. ಎಂಜಿನ್ ಓಡ್ತಿರೋವಾಗ ಆಯಿಲ್ ಮುಚ್ಚಳ ನಿಧಾನಕ್ಕೆ ಸಡಿಲ ಮಾಡ್ತೀನಿ. ಹೊಗೆ ಬುಸುಬುಸು ಅಂತ ನುಗ್ಗಿದ್ರೆ ಬ್ಯಾಕ್ ಕಂಪ್ರೆಷನ್ ಅಂತ. ಆಗ ಬ್ರೀದರ್ ಕಟ್ಟಿರಬೇಕು, ಇಲ್ಲಾ ಪಿಸ್ಟನ್ ರಿಂಗ್ ಸವೆದಿರಬೇಕು.

ಡ್ರೈವರ್: ಬ್ರೀದರ್ ಕಟ್ಟಿದ್ರೆ?

ಮೇಸ್ತ್ರಿ: ಶುಚಿ ಮಾಡಿದ್ರೆ ಆಯ್ತು. ಪೈಪ್ ಬಿರಿದಿದ್ರೆ ಹೊಸಾದು. ಟರ್ಬೊ ಬಿಚ್ಚೋ ಮಾತೇ ಬೇಡ. ರಿಂಗ್ ಸವೆದಿದ್ರೆ ಟರ್ಬೊ ಬದಲಾಯ್ಸಿದ್ರೂ ಮತ್ತೆ ಸೋರ್ತದೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದಂಗೆ.

ಈ ಮೇಸ್ತ್ರಿ ಏನು ಮಾಡಿದರು? ಮೊದಲು ಕೇಳಿದರು. ಆಮೇಲೆ ನೋಡೋಣ ಅಂದರು. ಬಿಚ್ಚುವ ಮಾತು ಕೊನೆಗೆ ಬಂತು. ಇಂಥ ಮೇಸ್ತ್ರಿ ಸಿಕ್ಕರೆ ಬಿಡಬೇಡಿ. ಯಾರ ಹತ್ತಿರ ಹೋದರೂ "ಸೋರುವ ಜಾಗ ತೋರಿಸಿ" ಅಂತ ಕೇಳಿ. ಕೇಳುವುದು ಅವಮಾನ ಮಾಡಿದಂತಲ್ಲ. ಅದು ನಿಮ್ಮ ಹಕ್ಕು. ಬದಲಿಸಿದ ಹಳೆಯ ಸಾಮಾನನ್ನೂ ಕೇಳಿ ಪಡೆಯಿರಿ. ಬಿಲ್ಲಿನಲ್ಲಿ ಏನು ಬರೆದಿದೆ ಓದಿ.

ಹನಿ ಬೀಳುವುದಿಲ್ಲ, ಆದರೂ ಆಯಿಲ್ ಕಮ್ಮಿ!

ಕೆಲವು ಗಾಡಿಗಳಲ್ಲಿ ನೆಲಕ್ಕೆ ಒಂದು ಹನಿಯೂ ಬೀಳುವುದಿಲ್ಲ. ಆದರೂ ಆಯಿಲ್ ಇಳಿಯುತ್ತದೆ. ಎಲ್ಲಿ ಹೋಯಿತು? ಎಂಜಿನ್ ಒಳಗೇ ಸುಟ್ಟುಹೋಯಿತು. ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆ. ಸವೆದ ಟರ್ಬೊ ಸೀಲು, ಪಿಸ್ಟನ್ ರಿಂಗ್, ವಾಲ್ವ್ ಸೀಲು, ಇವುಗಳಲ್ಲಿ ಒಂದು ಕಾರಣ ಇರಬಹುದು. ಕಪ್ಪು ಹೊಗೆ ಬೇರೆ. ಅದು ಡೀಸೆಲ್ ಪೂರ್ತಿ ಉರಿಯದ ಗುರುತು. ಟರ್ಬೊದಿಂದ ಹೋಗುವ ಗಾಳಿ ಪೈಪು ಬಿರಿದಿದ್ದರೂ ಕಪ್ಪು ಹೊಗೆ ಬರುತ್ತದೆ, ಎಳೆತ ಕಮ್ಮಿ ಆಗುತ್ತದೆ.

ಟರ್ಬೊ ಸೀಲು ಪೂರ್ತಿ ಹೋದರೆ ಒಂದು ದೊಡ್ಡ ಅಪಾಯ ಇದೆ. ಡೀಸೆಲ್ ಎಂಜಿನ್ ಈ ಆಯಿಲನ್ನೇ ಕುಡಿದು ಓಡಲು ಶುರು ಮಾಡುತ್ತದೆ. ಕೀ ತೆಗೆದರೂ ನಿಲ್ಲುವುದಿಲ್ಲ! ತಾನಾಗಿಯೇ ಜೋರಾಗಿ ಕೂಗುತ್ತದೆ. ದಟ್ಟ ಹೊಗೆ ಬರುತ್ತದೆ. ಆಗ ಏನು ಮಾಡಬೇಕು? ಮೊದಲು ಬ್ರೇಕ್ ಒತ್ತಿ ಗಾಡಿ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಹಾಕಿ. ಗಾಡಿಯ ಮುಂದೆ ಜನ ಇಲ್ಲ ಅಂತ ನೋಡಿಕೊಳ್ಳಿ. ದೊಡ್ಡ ಗೇರ್ ಹಾಕಿ, ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿದು, ಕ್ಲಚ್ ಬಿಡಿ. ಎಂಜಿನ್ ಕಟ್ಟಿದಂತಾಗಿ ನಿಲ್ಲುತ್ತದೆ. ನಿಲ್ಲದಿದ್ದರೆ ಎಲ್ಲರನ್ನೂ ಇಳಿಸಿ ದೂರ ಹೋಗಿ. ಕೈಯಿಂದ ಗಾಳಿ ಪೈಪು ಮುಚ್ಚಲು ಹೋಗಬೇಡಿ. ಎಂಜಿನ್ ಹೋದರೆ ಹೋಗಲಿ, ಪ್ರಾಣ ಮುಖ್ಯ.

ನೀಲಿ ಹೊಗೆ ಬರುತ್ತಿದ್ದು, ಆಯಿಲ್ ಬೇಗ ಬೇಗ ಇಳಿಯುತ್ತಿದ್ದರೆ ದೂರದ ಬಾಡಿಗೆ ಒಪ್ಪಿಕೊಳ್ಳಬೇಡಿ. ನಿಮ್ಮನ್ನು ನಂಬಿ ಹಿಂದೆ ಮಕ್ಕಳು ಮರಿ ಕೂತಿರುತ್ತಾರೆ.

ಬಾನೆಟ್ಟಿನಿಂದ ಹೊಗೆ, ಬೆಂಕಿ ಕಂಡರೆ ಗಾಡಿ ನಿಲ್ಲಿಸಿ ಎಲ್ಲರನ್ನೂ ಇಳಿಸಿ. ಬಾನೆಟ್ ಪೂರ್ತಿ ತೆರೆಯಬೇಡಿ. ಆಯಿಲ್ ಬೆಂಕಿಗೆ ನೀರು ಹಾಕಬೇಡಿ. 112ಕ್ಕೆ ಫೋನ್ ಮಾಡಿ.

ಹೀಗೆ ಮಾಡಬೇಡಿ

ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ನುಗ್ಗಬೇಡಿ. ಜಾಕ್ ಜಾರಿದರೆ ಜೀವ ಹೋಗುತ್ತದೆ. ಗಟ್ಟಿ ಸ್ಟ್ಯಾಂಡ್ ಕೊಡಿ, ಚಕ್ರಕ್ಕೆ ಕಲ್ಲು ಕೊಡಿ.

ಸೋರುವ ಕಡೆಗೆಲ್ಲ ಪೇಸ್ಟ್ ಮೆತ್ತಿಸಬೇಡಿ. ಹೆಚ್ಚಾದ ಪೇಸ್ಟ್ ಒಳಗೆ ಉದುರಿ ಆಯಿಲ್ ದಾರಿಗೆ ಅಡ್ಡ ಬರುತ್ತದೆ. ಟರ್ಬೊದ ಸಣ್ಣ ಪೈಪು ಕಟ್ಟಿದರೆ ಟರ್ಬೊ ಸಾಯುತ್ತದೆ.

ಸೋರುವುದು ನಿಲ್ಲಲಿ ಅಂತ ಸಿಕ್ಕಿದ ಮಂದ ಆಯಿಲ್ ಹಾಕಬೇಡಿ. ಗಾಡಿಯ ಪುಸ್ತಕದಲ್ಲಿ ಯಾವ ನಂಬರಿನ ಆಯಿಲ್ ಬರೆದಿದೆಯೋ ಅದನ್ನೇ ಹಾಕಿ.

ಹಳೆಯ ಆಯಿಲನ್ನು ಚರಂಡಿಗೆ, ಕೆರೆಗೆ, ಹೊಲಕ್ಕೆ ಸುರಿಯಬೇಡಿ. ದನದ ಗಾಯಕ್ಕೂ ಹಚ್ಚಬೇಡಿ. ಅದರಲ್ಲಿ ವಿಷ ಇದೆ. ಡಬ್ಬದಲ್ಲಿ ತುಂಬಿ, ಹಳೆ ಆಯಿಲ್ ಕೊಳ್ಳುವ ಗ್ಯಾರೇಜಿಗೆ ಕೊಡಿ. ಕೈಯನ್ನು ಸೋಪಿನಿಂದ ತೊಳೆಯಿರಿ.

ಟರ್ಬೊ ಬಾಳಬೇಕಾದರೆ

ಗಾಡಿ ಸ್ಟಾರ್ಟ್ ಮಾಡಿದ ಕೂಡಲೆ ರೇಸ್ ಮಾಡಬೇಡಿ. ಆಯಿಲ್ ಟರ್ಬೊಗೆ ಮುಟ್ಟಲಿ. ಘಾಟಿ ಹತ್ತಿ ಬಂದ ಮೇಲೆ, ಹೈವೇಯಲ್ಲಿ ಜೋರಾಗಿ ಓಡಿಸಿದ ಮೇಲೆ, ಒಂದೆರಡು ನಿಮಿಷ ನಿಧಾನವಾಗಿ ಓಡಲು ಬಿಟ್ಟು ಆಫ್ ಮಾಡಿ. ಕೂಡಲೆ ಆಫ್ ಮಾಡಿದರೆ ಬಿಸಿ ಟರ್ಬೊ ಒಳಗೆ ನಿಂತ ಆಯಿಲ್ ಸುಟ್ಟು ಮಸಿಯಾಗುತ್ತದೆ. ಆ ಮಸಿಯೇ ಪೈಪು ಕಟ್ಟುತ್ತದೆ. ಆಯಿಲ್, ಫಿಲ್ಟರ್ ಎರಡನ್ನೂ ಹೇಳಿದ ಹೊತ್ತಿಗೆ ಬದಲಿಸಿ. ಆಯಿಲ್ ಉಳಿಸಿದವನು ಟರ್ಬೊಗೆ ಕೊಟ್ಟ ಅಂತ ಆಗಬಾರದು.

ಬರೆದಿಡೋಣ

ನಾವು ಅಕ್ಷರ ಕಲಿತದ್ದು ಬರೀ ಸಹಿ ಹಾಕಲು ಅಲ್ಲ. ಬರೆದಿಟ್ಟ ಲೆಕ್ಕ ನಮ್ಮ ಪರವಾಗಿ ಮಾತಾಡುತ್ತದೆ. ಗಾಡಿಯಲ್ಲಿ ಒಂದು ಸಣ್ಣ ನೋಟ್ ಪುಸ್ತಕ ಇಡಿ. ವಾರಕ್ಕೊಮ್ಮೆ ಹೀಗೆ ಬರೆಯಿರಿ:

ತಾರೀಖು:
ಮೀಟರ್ ಎಷ್ಟು ಕಿಲೋಮೀಟರ್:
ಕಡ್ಡಿಯಲ್ಲಿ ಆಯಿಲ್ ಎಲ್ಲಿದೆ:
ಎಷ್ಟು ಆಯಿಲ್ ಹಾಕಿದೆವು:
ಹೊಗೆಯ ಬಣ್ಣ:
ಕಲೆ ಎಲ್ಲಿ ಬಿತ್ತು:

ಒಂದು ಲೆಕ್ಕ ಮಾಡಿ. ಮೀಟರ್ 2,40,000 ಇದ್ದಾಗ ಆಯಿಲ್ ಮೇಲಿನ ಗುರುತಿನಲ್ಲಿತ್ತು. 2,42,000 ಆದಾಗ ಮತ್ತೆ ಮೇಲಿನ ಗುರುತು ಮುಟ್ಟಲು 1 ಲೀಟರ್ ಹಾಕಿದೆವು. ಸಾವಿರ ಕಿಲೋಮೀಟರಿಗೆ ಎಷ್ಟಾಯಿತು? ಅರ್ಧ ಲೀಟರ್. ಮುಂದಿನ ತಿಂಗಳು ಅದು ಮುಕ್ಕಾಲು ಲೀಟರ್ ಆದರೆ? ರೋಗ ಹೆಚ್ಚುತ್ತಿದೆ. ಅಷ್ಟೇ ಇದ್ದರೆ? ಹುಡುಕಲು ಸಮಯ ಇದೆ. ರಿಪೇರಿ ಆದ ಮೇಲೂ ಬರೆಯಿರಿ. ರಿಪೇರಿ ಸರಿಯಾಯಿತೋ ಇಲ್ಲವೋ ಲೆಕ್ಕವೇ ಹೇಳುತ್ತದೆ.

ನೆನಪಿಡಿ

ಹನಿ ಬೀಳುವ ಜಾಗವೇ ಸೋರುವ ಜಾಗ ಅಲ್ಲ.
ತೊಳೆದು, ಒಣಗಿಸಿ, ಓಡಿಸಿ, ಮೇಲಿನಿಂದ ಹುಡುಕಿ.
ಟರ್ಬೊ ಬದಲಿಸುವ ಮೊದಲು ಎರಡು ಪೈಪು, ಬ್ರೀದರ್, ಗಾಳಿ ಫಿಲ್ಟರ್ ನೋಡಿಸಿ.
ಕೆಂಪು ದೀಪ ಹತ್ತಿದರೆ ನಿಲ್ಲಿಸಿ.

ಓದಿದಿರಿ, ಈಗ ಮಾತಾಡಿ

1. ಟರ್ಬೊದ ಕೆಳಗಿನ ಪೈಪು ಕಟ್ಟಿಕೊಂಡರೆ ಏನಾಗುತ್ತದೆ?
2. ಬ್ರೀದರನ್ನು ಕುಕ್ಕರಿನ ಸೀಟಿಗೆ ಏಕೆ ಹೋಲಿಸಿದೆ?
3. ನೀಲಿ ಹೊಗೆ, ಕಪ್ಪು ಹೊಗೆ, ಇವುಗಳ ಅರ್ಥ ಏನು?
4. ನಿಮ್ಮ ಊರಿನಲ್ಲಿ ಹಳೆಯ ಆಯಿಲ್ ಎಲ್ಲಿಗೆ ಹೋಗುತ್ತದೆ? ವಿಚಾರಿಸಿ ಬರೆಯಿರಿ.